ಕರೆಂಟ್ ಬಂತು, ನೆಟ್ ಬಂತು, ಫೋನ್ ಮಾತ್ರ ಬರಲಿಲ್ಲ

ಆಗುಂಬೆ, ಹೊಸನಗರದ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗೋದು ಮಾಮೂಲು. ಸಿಟ್ಟು ಬರೋದು ಅದು ವಾಪಸ್ ಬಂದಮೇಲೆ! ಯೂಟ್ಯೂಬ್ ಓಡುತ್ತೆ, ವಾಟ್ಸಾಪ್ ಓಡುತ್ತೆ, ಇಂಟರ್ನೆಟ್ ಫೋನ್ ಮಾತ್ರ ಸತ್ತಂಗೆ ಬಿದ್ದಿರುತ್ತೆ. ಕಸ್ಟಮರ್ ಕೇರ್‌ಗೆ ಕೇಳಿದರೆ ಒಂದೇ ಮಂತ್ರ: "ರೂಟರ್ ಆಫ್ ಮಾಡಿ ಆನ್ ಮಾಡಿ ಸಾರ್."

ಕಾರಣ ಹೇಳೋರೇ ಇಲ್ಲ. ರೂಟರ್ ಯುಪಿಎಸ್ ಮೇಲೆ ಬದುಕಿರುತ್ತೆ, ಫೈಬರ್ ಡಬ್ಬಿ ಆರಿರುತ್ತೆ. ಲೈನ್ ಮರಳಿ ಬಂದು ಫೈರ್‌ವಾಲ್ ನಿಯಮಗಳು ಕೂರೋದರೊಳಗೆ ಫೋನ್ ಅಡಾಪ್ಟರ್ (ಫೋನನ್ನು ರೂಟರ್‌ಗೆ ಜೋಡಿಸೋ ಡಬ್ಬಿ) ಒಂದು ಪ್ಯಾಕೆಟ್ ಕಳಿಸಿಬಿಟ್ಟರೆ, ಅದು ನ್ಯಾಟ್ ಆಗದೆ, ಅಂದರೆ ಮನೆಯೊಳಗಿನ ವಿಳಾಸ ಹೊರಗಿನ ವಿಳಾಸಕ್ಕೆ ಬದಲಾಗದೆ, 192.168 ವಿಳಾಸದಲ್ಲೇ ಹೊರಗೆ ಹೋಗುತ್ತೆ; ಉತ್ತರ ವಾಪಸ್ ಬರೋದಿಲ್ಲ. ಲಿನಕ್ಸ್ ರೂಟರ್ ನ್ಯಾಟ್ ತೀರ್ಮಾನ ಮಾಡೋದು ಮೊದಲ ಪ್ಯಾಕೆಟ್‌ಗೆ ಮಾತ್ರ. ಅದನ್ನ ಕಾನ್‌ಟ್ರ್ಯಾಕ್ ಅನ್ನೋ ಸಂಪರ್ಕಗಳ ಪಟ್ಟಿಯಲ್ಲಿ ನಮೂದಿಸಿಕೊಳ್ಳುತ್ತೆ, ಉಳಿದವು ಅದೇ ದಾರಿ. ಉತ್ತರ ಬಾರದ ಯುಡಿಪಿ (ಇಂಥ ಫೋನ್‌ಗಳು ಸಾಮಾನ್ಯವಾಗಿ ಬಳಸೋ ಸಂಪರ್ಕ ವಿಧಾನ) ನಮೂದು 30 ಸೆಕೆಂಡಿಗೆ ಅಳಿಯಬೇಕು. ಆದರೆ ಅಡಾಪ್ಟರ್ 20 ಸೆಕೆಂಡಿಗೊಮ್ಮೆ ಕೀಪ್‌ಅಲೈವ್ (ಸಂಪರ್ಕ ಜೀವಂತ ಇಡೋ ಚಿಕ್ಕ ಪ್ಯಾಕೆಟ್) ಕಳಿಸುತ್ತಿದ್ದರೆ ಆಯಸ್ಸು ಪ್ರತಿಸಲ ಹೊಸದಾಗುತ್ತೆ, ನಮೂದು ಸಾಯೋದೇ ಇಲ್ಲ. ಕೀಪ್‌ಅಲೈವ್ 25 ಸೆಕೆಂಡ್ ಇಟ್ಟ ವೈರ್‌ಗಾರ್ಡ್ ವಿಪಿಎನ್‌ಗೂ ಇದೇ ಗತಿ.

ನಿಮ್ಮ ರೂಟರ್‌ನಲ್ಲಿ ಓಪನ್‌ಡಬ್ಲ್ಯೂಆರ್‌ಟಿ (ಲಿನಕ್ಸ್ ಆಧಾರಿತ ರೂಟರ್ ಸಾಫ್ಟ್‌ವೇರ್) ಇದ್ದರೆ ಕಾನ್‌ಟ್ರ್ಯಾಕ್ ಪಟ್ಟಿಯಲ್ಲಿ ಇಂಟರ್ನೆಟ್ ಫೋನ್ ಬಳಸೋ 5060 ಪೋರ್ಟ್‌ನ ಸಾಲು ನೋಡಿ. ಎರಡನೇ 'ಡಿಎಸ್‌ಟಿ' (dst, ಉತ್ತರ ತಲುಪಬೇಕಾದ ವಿಳಾಸ) ಜಾಗದಲ್ಲಿ ಹೊರಗಿನ ಐಪಿ ಇರಬೇಕು; ಅಲ್ಲೂ 192.168 ಕಂಡರೆ ಕಳ್ಳ ಸಿಕ್ಕ. ಆ ಸಾಲೊಂದನ್ನೇ ಅಳಿಸಿ, ಸಾಕು. ವ್ಯಾನ್ (WAN, ಹೊರಗಿನ ಲೈನ್) ಮೇಲೆದ್ದಾಗ ತಾನಾಗೇ ಇದನ್ನೇ ಮಾಡೋ ಹಾಟ್‌ಪ್ಲಗ್ ಸ್ಕ್ರಿಪ್ಟ್ ಹಾಕಿಟ್ಟರೆ ಇನ್ನೂ ಒಳ್ಳೇದು. ಕಂಪನಿ ಕೊಟ್ಟ ರೂಟರ್‌ನಲ್ಲಿ ಇದಕ್ಕೆಲ್ಲ ಬೀಗ. ಅಲ್ಲಿ ಅಡಾಪ್ಟರ್ ಪ್ಲಗ್ ಕಿತ್ತು ಮೂರ್ನಾಲ್ಕು ನಿಮಿಷ ಬಿಡಿ, ರೂಟರ್ ಮುಟ್ಟಬೇಡಿ.