ನೋವೇ ಇರಲಿಲ್ಲ ಅಂತ ಡಾಕ್ಟರಿಗೆ ಹೇಳಿ

ಅಕ್ಕನಿಗೆ ಮೊದಲ ಸಲ ಐದನೇ ತಿಂಗಳಲ್ಲಿ ಮಗು ಹೋಯಿತು. ಹೊಟ್ಟೆನೋವು ಬಂದಿರಲಿಲ್ಲ. ಕೆಳಗೆ ಏನೋ ಒತ್ತಿದ ಹಾಗೆ ಇತ್ತು, ಅಷ್ಟೇ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಗರ್ಭಕೋಶದ ಬಾಯಿ ತೆರೆದು ನೀರಿನ ಚೀಲ ಕಾಣುತ್ತಿತ್ತು.

ಆಮೇಲೆ ಬಂದವರೆಲ್ಲ ಒಂದೊಂದು ಕಾರಣ ಹುಡುಕಿದರು. ಮೆಟ್ಟಿಲು ಹತ್ತಿದ್ದಕ್ಕೆ, ಓಡಾಡಿದ್ದಕ್ಕೆ. ಅವಳೂ ನಂಬಿಬಿಟ್ಟಳು. "ಆ ಬಕೆಟ್ ಎತ್ತಬಾರದಿತ್ತು ಕಣೇ" ಅಂತ ಎಷ್ಟು ಸಲ ಹೇಳಿದ್ದಾಳೋ.

ಎರಡನೇ ಸಲ ಸಿಕ್ಕ ಡಾಕ್ಟರು ಬಕೆಟ್ ಬಗ್ಗೆ ಕೇಳಲೇ ಇಲ್ಲ. "ನೋವು ಮೊದಲು ಬಂತಾ, ನೀರು ಮೊದಲು ಹೋಯಿತಾ?" ಅಂತ ಕೇಳಿದರು. ಆವತ್ತು ನನಗೆ ಅರ್ಥವಾಯಿತು, ನೋವಿಲ್ಲದೆ ಬಾಯಿ ತೆರೆದುಕೊಳ್ಳುವುದೇ ಗರ್ಭಕೋಶದ ಬಾಯಿ ದುರ್ಬಲವಾಗಿದೆ ಅನ್ನೋದಕ್ಕೆ ದೊಡ್ಡ ಸುಳಿವು. ಬಸುರಿ ಅಲ್ಲದಾಗ ಇದನ್ನು ಖಚಿತವಾಗಿ ಹಿಡಿಯುವ ಪರೀಕ್ಷೆ ಇಲ್ಲ. ಹಿಂದೆ ಏನಾಯಿತು ಅನ್ನುವ ಕಥೆಯೇ ಮುಖ್ಯ. ನಾವೋ, ಆ ಕಥೆಯನ್ನೇ ಮುಚ್ಚಿಡುತ್ತೇವೆ!

16ನೇ ವಾರದಿಂದ ಒಳಗಿನಿಂದ ಮಾಡುವ ಸ್ಕ್ಯಾನ್ ಶುರುವಾಯಿತು. ಮೊದಲೇ ಹೀಗೆ ಮಗು ಕಳೆದುಕೊಂಡವರಲ್ಲಿ 24 ವಾರದೊಳಗೆ ಬಾಯಿಯ ಉದ್ದ 25 ಮಿಲಿಮೀಟರಿಗಿಂತ ಕಡಿಮೆಯಾದರೆ ಆ ಬಾಯಿಗೆ ಹೊಲಿಗೆ ಹಾಕುವ ಮಾತು ಬರುತ್ತದೆ. ಅಕ್ಕನದು 21 ಮಿಲಿಮೀಟರಿಗೆ ಇಳಿದಿತ್ತು. ಕೆಲವರಿಗೆ ಸ್ಕ್ಯಾನಿಗೆ ಕಾಯದೆ 12ರಿಂದ 14ನೇ ವಾರದಲ್ಲೇ ಹಾಕುತ್ತಾರೆ.

ಬಟ್ಟೆ ಚೀಲದ ಬಾಯಿಗೆ ಸುತ್ತ ದಾರ ಪೋಣಿಸಿ ಎಳೆದು ಕಟ್ಟುತ್ತೀವಲ್ಲ, ಹಾಗೇ ಇದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಹಾಕಿದರು. 1955ರಲ್ಲಿ ಮುಂಬೈನ ಡಾ. ಶಿರೋಡ್ಕರ್ ತಮ್ಮ ವಿಧಾನ ಪ್ರಕಟಿಸಿದಾಗ ಹೊಲಿಯಲು ಬಳಸಿದ್ದು ಹೊಲಿಗೆ ಹಾಕಿಸಿಕೊಳ್ಳುವ ಹೆಂಗಸಿನದೇ ತೊಡೆಯ ಸ್ನಾಯುವಿನ ಮೇಲಿನ ಪೊರೆಯಿಂದ ತೆಗೆದ ಪಟ್ಟಿಯನ್ನು. 1957ರಲ್ಲಿ ಮೆಕ್‌ಡೊನಾಲ್ಡ್ ಅನ್ನುವ ಡಾಕ್ಟರು ಇದನ್ನು ಇನ್ನೂ ಸರಳ ಮಾಡಿದರು.

ಹೊಲಿಗೆ ಹಾಕಿದ ಮೇಲೆ ಅಕ್ಕನನ್ನು ಹಾಸಿಗೆಗೆ ಕಟ್ಟಿಹಾಕಲು ಎಲ್ಲರೂ ತಯಾರಾಗಿದ್ದರು. ತಿಂಗಳುಗಟ್ಟಲೆ ಮಲಗಿದರೆ ಲಾಭ ಆಗುತ್ತದೆ ಅನ್ನೋದಕ್ಕೆ ಆಧಾರ ಇಲ್ಲ, ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಜಾಸ್ತಿ. ಡಾಕ್ಟರ್ ಇದನ್ನು ಹೇಳಿದಾಗ ಅಮ್ಮನಿಗೆ ಸಿಟ್ಟೇ ಬಂತು.

ಹಾಗಂತ ಹೊಲಿಗೆ ಎಲ್ಲರಿಗೂ ಅಲ್ಲ. ಅವಳಿ ಮಕ್ಕಳು ಅನ್ನೋ ಒಂದೇ ಕಾರಣಕ್ಕೆ ಹಾಕುವುದಿಲ್ಲ. ಸೋಂಕು ಆಗಬಹುದು, ನೀರು ಒಡೆಯಬಹುದು, ಹಾಕಿಯೂ ಮಗು ಉಳಿಯದೇ ಹೋಗಬಹುದು. ಹೊಲಿಗೆ ಇದ್ದಾಗ ನೋವು ಬಂದರೆ, ನೀರು ಸೋರಿದರೆ, ರಕ್ತ ಹೋದರೆ ರಾತ್ರಿಯಾದರೂ ಹೊರಡಬೇಕು. ಬೆಳಗಾಗಲಿ ಅಂತ ಕೂರಬೇಡಿ. ಹೆರಿಗೆ ನೋವು ಶುರುವಾಗಿದ್ದರೆ ಆ ದಾರ ಕತ್ತರಿಸಲೇಬೇಕು, ಇಲ್ಲದಿದ್ದರೆ ಬಾಯಿ ಹರಿಯಬಹುದು.

ಅಕ್ಕನದನ್ನು 37ನೇ ವಾರ ಬಿಚ್ಚಿದರು. ಐದು ನಿಮಿಷವೂ ಆಗಲಿಲ್ಲ. ಗಂಟಿನ ಸಮೇತ ಒಂದು ಚೂರು ದಾರ. "ಇಷ್ಟೇನಾ?" ಅಂದಳು.

ಮಗಳಿಗೆ ಈಗ ಎರಡು ವರ್ಷ. ಅಕ್ಕ ಮಾತ್ರ ಆ ಬಕೆಟ್ ವಿಷಯ ಇನ್ನೂ ಬಿಟ್ಟಿಲ್ಲ.