ಕಿಟಕಿಗೂ ಕರೆಂಟು

ಸಿರ್ಸಿ ಪೇಟೆಯಿಂದ ಎಂಟು ಕಿಲೋಮೀಟರ್ ಒಳಗೆ ನಮ್ಮ ಮನೆ. ಮಳೆಗಾಲದಲ್ಲಿ ಅಲ್ಲಿ ಕರೆಂಟು ಇದ್ದರೇ ಸುದ್ದಿ. ಮರ ಬಿತ್ತು, ಟೊಂಗೆ ಬಿತ್ತು, ಕಂಬ ವಾಲಿತು, ಕೆಲವೊಮ್ಮೆ ಏನೂ ಬೀಳದೆಯೂ ಹೋಗುತ್ತದೆ. ಅಂಥ ಮನೆಯ ಕಿಟಕಿಗೆ ಕರೆಂಟಿನಲ್ಲಿ ನಡೆಯುವ ಗಾಜು ಮಾಡಿಸಿದ ಜಾಣ ನಾನು. ಬೈಯುವವರು ಆಗಲೇ ಸಾಲಿನಲ್ಲಿದ್ದಾರೆ, ನೀವೂ ನಿಲ್ಲಬಹುದು.

ಶುರುವಾದದ್ದು ಮಗಳಿಂದ. ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪಿನೊಳಗೆ ತುಂಬಿಕೊಂಡು ಊರಿಗೆ ಬಂದವಳು ಜಗಲಿ ಪಕ್ಕದ ಕೋಣೆಯಲ್ಲಿ ಕೂತಳು. ಆ ಕೋಣೆಯ ದೊಡ್ಡ ಕಿಟಕಿ ಅಂಗಳಕ್ಕೇ ತೆರೆಯುತ್ತದೆ. ಅವಳು ಮೀಟಿಂಗಿನಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದರೆ, ದಾರಿಯಲ್ಲಿ ಹೋಗುವವರೆಲ್ಲ ಗಾಜಿಗೆ ಮೂಗು ಒತ್ತಿ "ತಂಗೀ, ಯಾವಾಗ ಬಂದೆ? ಎಷ್ಟು ದಿನ ಇರ್ತೆ?" ಎಂದು ಕೇಳುವುದು. ಪರದೆ ಹಾಕು ಅಂದರೆ ಕತ್ತಲಾಗುತ್ತದಂತೆ. "ಅಪ್ಪಾ, ಈಗ ಸ್ಮಾರ್ಟ್ ಗ್ಲಾಸ್ ಬಂದಿದೆ, ಸ್ವಿಚ್ ಒತ್ತಿದರೆ ಬೆಳ್ಳಗಾಗತ್ತೆ" ಎಂದಳು. ಮಗಳ ಮುಂದೆ ಹಳೆಯ ಕಾಲದವನಾಗಿ ಕಾಣಬಾರದು ಅಂತ ಒಪ್ಪಿದೆ. ಬೆಲೆ ಇಲ್ಲಿ ಬರೆಯುವುದಿಲ್ಲ. ಹೆಂಡತಿಗೆ ಹೇಳಿದ ದರವೇ ಬೇರೆ, ಅವಳೂ ಇದನ್ನು ಓದುತ್ತಾಳೆ.

ಹುಬ್ಬಳ್ಳಿಯಿಂದ ಇಬ್ಬರು ಹುಡುಗರು ಬಂದು, ಇದ್ದ ಗಾಜಿಗೇ ಒಳಗಿನಿಂದ ಒಂದು ಫಿಲ್ಮ್ ಅಂಟಿಸಿ, ಮೇಲೊಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಕೂರಿಸಿ ಹೋದರು. ಸುಮಾರು 60 ವೋಲ್ಟ್ ಸಾಕಂತೆ, ಒಂದು ಚದರ ಮೀಟರಿಗೆ ಐದು ವ್ಯಾಟ್ ಆಸುಪಾಸು. ಫಿಲ್ಮಿನ ಒಳಗೆ ಲಿಕ್ವಿಡ್ ಕ್ರಿಸ್ಟಲ್ಲಿನ ಹನಿಗಳಿರುತ್ತವೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಕರೆಂಟು ಇಲ್ಲದಾಗ ಅವುಗಳದ್ದು ಮಾರಿಕಾಂಬಾ ಜಾತ್ರೆಯ ಜನರ ಹಾಗೆ, ಒಬ್ಬ ಬಳೆ ಅಂಗಡಿ ಕಡೆ, ಒಬ್ಬ ತೊಟ್ಟಿಲ ಕಡೆ, ಬಂದ ಬೆಳಕೆಲ್ಲ ದಿಕ್ಕಾಪಾಲು, ಗಾಜು ಹಾಲು. ಕರೆಂಟು ಬಂತೋ, ತೇರು ಬಂದ ಹಾಗೆ ಎಲ್ಲರ ಮುಖ ಒಂದೇ ಕಡೆ, ಗಾಜು ತಿಳಿನೀರು.

ಅಂದರೆ ಗಮನಿಸಿ, ಸ್ವಿಚ್ ಹಾಕಿದರೆ ಪಾರದರ್ಶಕ, ಆರಿಸಿದರೆ ಬಿಳಿ. ನಾವೆಲ್ಲ ಉಲ್ಟಾ ಅಂದುಕೊಂಡಿದ್ದೆವು. ಕರೆಂಟು ಹೋದರೂ ಮರ್ಯಾದೆ ಉಳಿಯಲಿ ಎಂಬ ಲೆಕ್ಕವಿರಬೇಕು. 1980ರ ದಶಕದಲ್ಲಿ ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಈ ಬಗೆಯ ಫಿಲ್ಮಿನ ಮೇಲೆ ಕೆಲಸ ಮಾಡಿದವರು ಸಿರ್ಸಿಯಲ್ಲಿ ಒಂದು ಆಷಾಢ ಕಳೆದಿದ್ದರೆ, ಕರೆಂಟು ಹೋಗುವುದಕ್ಕಿಂತ ಬರುವುದು ಅಪಾಯ ಅಂತ ಗೊತ್ತಾಗುತ್ತಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಆಯಿ ಒಂದು ದಿನ ಪೂರ್ತಿ ನೋಡಿ, "ಕಿಟಕಿಗೂ ಕರೆಂಟಾ ತಮಾ? ಬಾಗ್ಲಿಗೆ ಪೆಟ್ರೋಲ್ ಹಾಕದು ಯಾವಾಗ?" ಎಂದಳು.

ವಿಮಾನದಲ್ಲಿ ಓಡಾಡುವ ಭಾವ ಬಂದವನು "ಡ್ರೀಮ್‌ಲೈನರಿನ ಕಿಟಕಿಯಲ್ಲಿ ಇರೋದು ಇದೇ" ಎಂದು ಊರಿಗೆಲ್ಲ ಸಾರಿದ. ಇದೇ ಅಲ್ಲ ಮಾರಾಯ. ಅದು ನಿಧಾನಕ್ಕೆ ಕಪ್ಪು ನೀಲಿಗೆ ತಿರುಗುವ ಬೇರೆ ಜಾತಿ, ಬಿಸಿಲನ್ನೂ ತಡೆಯುತ್ತದೆ. ನಮ್ಮದು ಬರೀ ಬೆಳ್ಳಗಾಗುತ್ತದೆ, ಏಪ್ರಿಲ್ ಸೆಕೆ ಆರಾಮಾಗಿ ಒಳಗೆ ಬರುತ್ತದೆ. ಆಯಿಯ ಹಳೆ ಸೀರೆ ಕಟ್ಟಿದ್ದರೆ ಅದೇ ಜಾಸ್ತಿ ತಂಪು.

ಮಳೆ ಹಿಡಿಯಿತು ನೋಡಿ, ಆಗ ಶುರು. ಆ ಹುಡುಗರು ಅಂಚಿಗೆ ವಿನೆಗರ್ ವಾಸನೆಯ ಮಾಮೂಲಿ ಸಿಲಿಕೋನ್ ಬಳಿದಿದ್ದರು. ಈ ಫಿಲ್ಮಿಗೆ ಅದು ಆಗಿಬರುವುದಿಲ್ಲ, ಹುಳಿಯಿಲ್ಲದ್ದೇ ಬೇಕು ಅಂತ ಆಮೇಲೆ ಗೊತ್ತಾಯಿತು. ತಿಂಗಳಲ್ಲಿ ಅಂಚಿನಿಂದ ತೇವ ಹೊಕ್ಕು ಸುತ್ತಲೂ ಒಂದು ಬೆರಳು ಅಗಲ ಬಿಳಿ ಅಂಚು ಬಂತು, ಸ್ವಿಚ್ ಹಾಕಿದರೂ ಅದು ಬಿಳಿಯೇ. ಹೆಂಡತಿ ಅದಕ್ಕೆ ರಂಗೋಲಿ ಎಂದು ಹೆಸರಿಟ್ಟಳು. ಇನ್ವರ್ಟರಿಗೆ ಜೋಡಿಸಿ ನೋಡಿದೆ. ನಮ್ಮದು ಹಳೇ ಇನ್ವರ್ಟರ್, ಟ್ರಾನ್ಸ್‌ಫಾರ್ಮರ್ ತುಡುವೆ ಜೇನಿನ ಹಾಗೆ ಗುಂಯ್‌ಗುಡಲು ಶುರು ಮಾಡಿತು. ಮಗಳ ಮೀಟಿಂಗಿನಲ್ಲಿ ಯಾರೋ "ನಿಮ್ಮಲ್ಲಿ ಏನೋ ಹಾರ್ತಾ ಇದೆ" ಎಂದರಂತೆ. ತೆಗೆದು ಹಾಕಿದೆ.

ತೆಗೆದದ್ದೇ ತಪ್ಪಾಯಿತು.

ಜುಲೈ ತಿಂಗಳು. ರಾತ್ರಿಯಿಂದ ಕರೆಂಟಿಲ್ಲ. ಬೆಳಿಗ್ಗೆ ಮಳೆ ಸ್ವಲ್ಪ ಹೊಳವಾಯಿತು ಅಂತ ಅಡಿಕೆಗೆ ಕೊಳೆ ರೋಗದ ಮದ್ದು ಹೊಡೆಯಲು, ಮರ ಹತ್ತುವ ಕೊನೆಗೌಡ ಮತ್ತು ಇಬ್ಬರು ಬಂದರು. ಅಂಗಳದಲ್ಲಿ ಡ್ರಮ್ಮಿಗೆ ಮೈಲುತುತ್ತ, ಸುಣ್ಣ ಕಲಸುತ್ತಿದ್ದರು. ಪಕ್ಕದ ಮನೆ ಅತ್ತಿಗೆ ಹೆಪ್ಪು ಕೇಳಲು ಬಂದವಳು ಅಲ್ಲೇ ಮಾತಿಗೆ ನಿಂತಿದ್ದಳು. ನಾನು ತೋಟದಿಂದ ತೊಯ್ದು ಬಂದೆ. ತೊಡೆಯ ಹತ್ತಿರ ರಕ್ತ ಹೀರುವ ಉಂಬಳ ಕಚ್ಚಿದ ಅನುಮಾನ. ಒಂದು ಮುಷ್ಟಿ ಉಪ್ಪು ಹಿಡಿದು ಆ ಕೋಣೆ ಸೇರಿದೆ. ಕಿಟಕಿ ಹಾಲಿನ ಹಾಗೆ ಬಿಳಿ. ಇಷ್ಟು ದುಡ್ಡು ಸುರಿದದ್ದು ಇವತ್ತು ಉಪಯೋಗಕ್ಕೆ ಬಂತು ಅಂತ ಖುಷಿಯೇ ಆಯಿತು. ಪಂಚೆ ಬಿಚ್ಚಿ ಒಂದು ಕಾಲು ಸ್ಟೂಲಿನ ಮೇಲಿಟ್ಟು ಬಗ್ಗಿ ಉಂಬಳ ಹುಡುಕುತ್ತಿದ್ದೇನೆ, ಫ್ಯಾನ್ ತಿರುಗಿತು.

ಮಗಳು ಹಿಂದಿನ ರಾತ್ರಿ ಕಿಟಕಿಯ ಸ್ವಿಚ್ ಆರಿಸಿರಲಿಲ್ಲ.

ಈ ಗಾಜು ತಿಳಿಯಾಗಲು ಒಂದು ಸೆಕೆಂಡೂ ಬೇಡ. ಡ್ರೀಮ್‌ಲೈನರಿನದ್ದಾಗಿದ್ದರೆ ಪಂಚೆ ಉಟ್ಟು, ಮಡಿಕೆ ಸರಿಮಾಡಿ, ಕವಳವನ್ನೂ ಹಾಕಬಹುದಿತ್ತು. ಇಲ್ಲಿ ಕಣ್ಣು ಮುಚ್ಚಿ ಬಿಡುವುದರೊಳಗೆ ಎದುರಿಗೆ ಕೊನೆಗೌಡ, ಕೋಲು ಹಿಡಿದ ಇಬ್ಬರು, ಅತ್ತಿಗೆ, ಅತ್ತಿಗೆಯ ಕೈಯಲ್ಲಿ ಲೋಟ. ರಂಗೋಲಿ ಅಂಚಿನ ಫ್ರೇಮಿನ ನಡುವೆ ನಾನು, ಕೈಯಲ್ಲಿ ಉಪ್ಪು.

ಅತ್ತಿಗೆ ಅವತ್ತು ಹೆಪ್ಪು ತೆಗೆದುಕೊಂಡು ಹೋಗಲಿಲ್ಲ. ಎರಡು ದಿನ ಬಿಟ್ಟು ಫೋನ್ ಮಾಡಿದವಳು ಮೊದಲು ಕೇಳಿದ್ದು, "ನಿಂಗಳ ಕಿಟಕಿ ಈಗ ಎಂಥಾ ಬಣ್ಣ ಇದ್ದು?"

ಕೊನೆಗೌಡ ಮಾತ್ರ ಒಳ್ಳೆಯ ಮನುಷ್ಯ, ಏನೂ ಅನ್ನಲಿಲ್ಲ. ಮರದ ತುದಿಯಲ್ಲಿದ್ದರೆ ಅವನಿಗೆ ಪಂಪಿನ ಮನೆಯ ಬಲ್ಬು ಕಾಣುತ್ತದೆ. ಈಗ ಅದು ಹೊತ್ತಿದ ಕೂಡಲೇ, ಮದ್ದು ಹೊಡೆಯುವುದನ್ನು ನಿಲ್ಲಿಸಿ, ನಾನು ಎಲ್ಲೇ ಇರಲಿ, ಇಡೀ ಕೇರಿಗೆ ಕೇಳುವ ಹಾಗೆ ಕೂಗುತ್ತಾನೆ: "ಹೆಗಡೇರೇ, ಕರೆಂಟ್ ಬಂತು!"