ನಮ್ಮ ಅಂಗಡಿಗೆ ಬಂದ ಬಾಡಿಗೆದಾರ

2025ರ ಜುಲೈ ನೆನಪಿರಬೇಕು. ಯುಪಿಐ ಲೆಕ್ಕ ಇಟ್ಟುಕೊಂಡು ವಾಣಿಜ್ಯ ತೆರಿಗೆ ಇಲಾಖೆ ಜಿಎಸ್‌ಟಿ ನಂಬರ್ ಇಲ್ಲದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ಕಟ್ಟಿ ಅಂತ ನೋಟಿಸ್ ಕಳಿಸಿತ್ತು. ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್‌ಗಳ ಮುಂದೆ ‘ನೋ ಯುಪಿಐ, ಓನ್ಲಿ ಕ್ಯಾಶ್’ ಅಂತ ಚೀಟಿ ಬಿದ್ದವು. ಆ ಗಲಾಟೆ ಹಾಸನಕ್ಕೆ ಬಂದು ಮುಟ್ಟುವ ಹೊತ್ತಿಗೆ, ಅದರ ಹಿಂದೆಯೇ ಒಬ್ಬ ಹುಡುಗ ನಮ್ಮ ಪಾತ್ರೆ ಅಂಗಡಿಗೆ ಬಂದ. ಕೊರಳಲ್ಲಿ ಟ್ಯಾಗು, ಹೆಗಲಲ್ಲಿ ಬ್ಯಾಗು.

“ಸಾರ್, ಯುಪಿಐ ಡೇಂಜರ್. ಕಾರ್ಡ್ ಉಜ್ಜೋ ಮೆಷಿನ್ ಹಾಕಿಸಿಬಿಡಿ, ಟೆನ್ಶನ್ನೇ ಇರಲ್ಲ.”

ಕಾರ್ಡಲ್ಲಿ ಬಂದ ದುಡ್ಡು ಕಂಡರೆ ತೆರಿಗೆಯವರು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾರೆ ಅಂತ ಅವನೇನೂ ಬಾಯಿಬಿಟ್ಟು ಹೇಳಲಿಲ್ಲ. ನಾನೇ ಹಾಗಂದುಕೊಂಡೆ. ನಮ್ಮದು ಜಿಎಸ್‌ಟಿ ನಂಬರ್ ಇರುವ ಅಂಗಡಿ. ಆ ನೋಟಿಸಿಗೂ ನಮಗೂ ಸಂಬಂಧವೇ ಇರಲಿಲ್ಲ. ಆದರೂ ಪಕ್ಕದ ಮನೆಯವರು ಕೆಮ್ಮಿದರೆ ನಾವು ಕಷಾಯ ಕುಡಿಯುವ ಜನ, ಅಲ್ವಾ?

“ಬಾಡಿಗೆ ಎಷ್ಟಪ್ಪಾ?”

“ಜೀರೋ ಸಾರ್.”

“ಮೆಷಿನ್ ಹಾಕೋದಕ್ಕೆ?”

“ಜೀರೋ.”

“ಕಮಿಷನ್ನು?”

“ಅಯ್ಯೋ, ಅದನ್ನ ಬಿಡಿ ಸಾರ್. ಮಾರ್ಕೆಟ್‌ನಲ್ಲೇ ಕಮ್ಮಿ.”

ಒಂದೇ ಕಡೆ ಇಷ್ಟು ಸೊನ್ನೆಗಳನ್ನು ನಾನು ನೋಡಿದ್ದು ನನ್ನದೇ ಎಸ್ಸೆಸ್ಸೆಲ್ಸಿ ಗಣಿತದ ಪೇಪರಿನಲ್ಲಿ. ಅದರ ಮೇಲಿನ ಅಭಿಮಾನಕ್ಕೋ ಏನೋ, ಅವನ ಮೊಬೈಲಿನಲ್ಲಿ ಕೇಳಿದಲ್ಲೆಲ್ಲ ಬೆರಳಲ್ಲೇ ಸಹಿ ಹಾಕಿದೆ. ರೇಟ್ ಬರೆಯುವ ಜಾಗ ಖಾಲಿ ಇತ್ತು. “ಆಫೀಸಲ್ಲಿ ಫಿಲ್ ಮಾಡ್ಕೋತಾರೆ” ಅಂದ. ಕೊನೆಗೆ ಇನ್ನೊಂದು ಪುಟ ಬಂತು. ನಮ್ಮ ಖಾತೆಯಿಂದ ಅವರೇ ದುಡ್ಡು ಎಳೆದುಕೊಳ್ಳುವುದಕ್ಕೆ ನಾವು ಕೊಡುವ ಒಪ್ಪಿಗೆ. ಅದನ್ನು ‘ನಾಚ್’ ಫಾರಂ ಅನ್ನುತ್ತಾರೆ. ‘ನಾಚಿಕೆ’ಯಲ್ಲಿ ಮುಕ್ಕಾಲು ಭಾಗ ಅಲ್ಲೇ ಇದೆ ನೋಡಿ, ಉಳಿದಿದ್ದು ದಾರಿಯಲ್ಲಿ ಎಲ್ಲೋ ಬಿದ್ದುಹೋಗಿದೆ. ಬಾಡಿಗೆ ಸೊನ್ನೆಯಾದರೆ ಇದರಲ್ಲಿ ‘10,000 ರೂ.ವರೆಗೆ’ ಅಂತ ಯಾಕೆ ಬರೆದಿದೆ ಅಂತ ಕೇಳಿದೆ. “ಸುಮ್ನೆ ಫಾರ್ಮಾಲಿಟಿ ಸಾರ್” ಅಂದ.

ನಾಲ್ಕನೇ ತಿಂಗಳು ಪಾಸ್‌ಬುಕ್ ಹಿಡಿದುಕೊಂಡು ಕೂತಿದ್ದ ನನ್ನ ಹೆಂಡತಿ ಕೂಗಿದಳು. “ರೀ, ಇದೇನ್ರೀ 588 ರೂಪಾಯಿ 82 ಪೈಸೆ? ಯಾರಿಗೆ ಕೊಟ್ರಿ?”

ಬಾಡಿಗೆ 499, ಅದರ ಮೇಲೆ ಶೇಕಡ 18 ಜಿಎಸ್‌ಟಿ. ಸೊನ್ನೆ ಬಾಡಿಗೆ ಸುಳ್ಳೇನಲ್ಲವಂತೆ. ಮೊದಲ ಮೂರು ತಿಂಗಳು ಮಾತ್ರ ಸತ್ಯವಂತೆ. ಆಮೇಲೂ ಸತ್ಯವಾಗಿರಬೇಕಾದರೆ ತಿಂಗಳಿಗೆ 50,000 ರೂಪಾಯಿ ಕಾರ್ಡ್ ಉಜ್ಜಬೇಕಂತೆ. ಆಷಾಢದಲ್ಲಿ ನಾವು ಪಾತ್ರೆಯ ಧೂಳು ಉಜ್ಜಿದರೆ ಅದೇ ದೊಡ್ಡದು.

ಯೋಚನೆ ಮಾಡಿ. ಈ ಮೆಷಿನ್ ನನ್ನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಕೂತಿದೆ. ನನ್ನ ಕರೆಂಟು ತಿನ್ನುತ್ತದೆ. ಜಾಗಕ್ಕೆ ಚಿಕ್ಕಾಸು ಕೊಡುವುದಿಲ್ಲ. ಆದರೆ ತಿಂಗಳ ಐದನೇ ತಾರೀಕು ನನ್ನ ಹತ್ತಿರವೇ ಬಾಡಿಗೆ ವಸೂಲು ಮಾಡುತ್ತದೆ. ಇಂಥ ಬಾಡಿಗೆದಾರ ಸಿಗುವುದಕ್ಕೆ ಪುಣ್ಯ ಮಾಡಿರಬೇಕು.

ಇನ್ನು ಕಮಿಷನ್, ಅಂದರೆ ಪ್ರತಿ ಸಲ ಕಾರ್ಡ್ ಉಜ್ಜಿದಾಗ ಅವರು ಹಿಡಿದುಕೊಳ್ಳುವ ಪಾಲು. ಡೆಬಿಟ್ ಕಾರ್ಡಿಗೆ ರಿಸರ್ವ್ ಬ್ಯಾಂಕ್ 2018ರಲ್ಲೇ ಬೇಲಿ ಹಾಕಿದೆ. ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟು ಇರುವ ಅಂಗಡಿಗೆ, ಮೆಷಿನ್‌ನಲ್ಲಿ ಉಜ್ಜಿದರೆ ಹೆಚ್ಚೆಂದರೆ ಶೇ. 0.40. ಅದಕ್ಕಿಂತ ಜಾಸ್ತಿ ಇರುವವರಿಗೆ ಶೇ. 0.90. ರುಪೇ ಡೆಬಿಟ್ ಕಾರ್ಡಿಗೂ ಯುಪಿಐಗೂ 2020ರ ಜನವರಿಯಿಂದ ಪೂರಾ ಸೊನ್ನೆ. ಕ್ರೆಡಿಟ್ ಕಾರ್ಡಿನ ಹೊಲಕ್ಕೆ ಮಾತ್ರ ಬೇಲಿಯಿಲ್ಲ. ಹಾಗಾಗಿ ಜಾಣರು ಏನು ಮಾಡುತ್ತಾರೆ? ಬೇಲಿಯೊಳಗಿನ ಕುರಿಯನ್ನೂ ಈ ಹೊಲಕ್ಕೇ ಹೊಡೆದುಕೊಂಡು ಬರುತ್ತಾರೆ. “ಎಲ್ಲಾ ಕಾರ್ಡಿಗೂ ಒಂದೇ ರೇಟ್ ಸಾರ್, ಲೆಕ್ಕ ಸುಲಭ.” ನಮಗೆ ಬಿದ್ದಿದ್ದು ಶೇ. 1.80. 3,000 ರೂಪಾಯಿಯ ಕುಕ್ಕರಿಗೆ ಯಾರೋ ರುಪೇ ಡೆಬಿಟ್ ಕಾರ್ಡ್ ಕೊಟ್ಟರೆ ಒಂದು ಪೈಸೆಯೂ ಹೋಗಬಾರದು. ಹೋಗಿದ್ದು 54 ರೂಪಾಯಿ, ಮೇಲೆ ಜಿಎಸ್‌ಟಿ. ಲೆಕ್ಕ ಸುಲಭವೇ, ಅವರಿಗೆ.

ಆ ‘ಒಂದೇ ರೇಟ್’ ಕೂಡ ಒಂದೇ ಅಲ್ಲ. ಕಪ್ಪಗೆ ಮಿರಮಿರ ಮಿಂಚುವ ಪ್ರೀಮಿಯಂ ಕಾರ್ಡ್ ಬಂದರೆ ಶೇ. 2.60. ಆ ಕಾರ್ಡ್ ಇಟ್ಟುಕೊಂಡವರಿಗೆ ಏರ್‌ಪೋರ್ಟ್ ಲೌಂಜಿನಲ್ಲಿ ತಿಂಡಿ ಪುಕ್ಕಟೆ. ಅವರು ದೇವನಹಳ್ಳಿಯಲ್ಲಿ ಇಡ್ಲಿ ತಿನ್ನಬೇಕಾದರೆ ಹಾಸನದ ಪಾತ್ರೆ ಅಂಗಡಿಯವನು ಚಟ್ನಿ ಬಡಿಸಬೇಕು.

ಮೇ ತಿಂಗಳಲ್ಲಿ ಒಂದು ಮದುವೆ ಮನೆಯವರು ಬಂದರು. ಹಂಡೆ, ಕೊಳಗ, ಕೊಡ, ತಾಂಬೂಲಕ್ಕೆ ಕೊಡುವ ಇನ್ನೂರು ಬಟ್ಟಲು, ಎಲ್ಲಾ ಸೇರಿ 62,000. ಕಾರ್ಡ್ ಉಜ್ಜಿದೆವು. ಚೀಟಿ ಬಂತು, ದುಡ್ಡು ಬರಲಿಲ್ಲ. ‘ರಿಸ್ಕ್ ವೆರಿಫಿಕೇಶನ್’ ಅಂತೆ. ಪಾತ್ರೆ ಅಂಗಡಿಯಲ್ಲಿ ಪಾತ್ರೆ ಮಾರಿದ್ದು ಅವರಿಗೆ ಅನುಮಾನಾಸ್ಪದವಾಗಿ ಕಂಡಿತ್ತು. ಬಿಲ್ ಕಳಿಸಿ ಅಂದರು, ಕಳಿಸಿದೆ. ಬೋರ್ಡಿನ ಫೋಟೋ ಅಂದರು, ಕಳಿಸಿದೆ. ಬೋರ್ಡೂ ನಿಮ್ಮ ಮುಖವೂ ಒಟ್ಟಿಗೆ ಬರಬೇಕು ಅಂದರು. ನಮ್ಮ ಬೋರ್ಡು ಇರುವುದು ಹದಿನೈದು ಅಡಿ ಮೇಲೆ. ಅದೂ ನಾನೂ ಒಟ್ಟಿಗೆ ಬರಬೇಕಾದರೆ ನಾನು ರಸ್ತೆಯ ಆ ಕಡೆ ಚರಂಡಿ ಕಲ್ಲಿನ ಮೇಲೆ ನಿಂತು ಸೆಲ್ಫಿ ತೆಗೆಯಬೇಕು. ಮೂರು ಸಲ ತೆಗೆದೆ. ಒಂದರಲ್ಲಿ ಬೋರ್ಡಿನ ಜಾಗದಲ್ಲಿ ಬೇಲೂರು ಬಸ್ಸು, ಇನ್ನೊಂದರಲ್ಲಿ ನನ್ನ ಕಣ್ಣು ಮುಚ್ಚಿದೆ. ಕಣ್ಣು ಮುಚ್ಚಿದ್ದು ರಿಜೆಕ್ಟ್ ಆಯಿತು. ಸಹಿ ಹಾಕುವಾಗ ಮುಚ್ಚಿಕೊಂಡಿದ್ದಕ್ಕೆ ಮಾತ್ರ ಯಾರೂ ತಕರಾರು ಮಾಡಿರಲಿಲ್ಲ.

ಹನ್ನೊಂದು ದಿನ ಆದಮೇಲೆ ದುಡ್ಡು ಬಂತು. ಕಮಿಷನ್ ಹಿಡಿದುಕೊಂಡೇ.

ಕೌಂಟರ್ ಮೇಲೆ ಇನ್ನೊಂದು ಡಬ್ಬಿಯೂ ಇದೆ, ಸೌಂಡ್ ಬಾಕ್ಸ್. ಯುಪಿಐ ಪುಕ್ಕಟೆ, ದುಡ್ಡು ಬಂತು ಅಂತ ಡಂಗುರ ಸಾರುವುದಕ್ಕೆ ಮಾತ್ರ ಬಾಡಿಗೆ. ಹತ್ತು ರೂಪಾಯಿ ಬಂದರೆ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತದೆ. ಅದರ ಬಾಡಿಗೆ ಕತ್ತರಿಸಿದ ದಿನ ಮೌನವ್ರತ.

ಮೆಷಿನ್ ವಾಪಸ್ ತಗೊಳ್ಳಿ ಅಂತ ಫೋನ್ ಮಾಡಿದೆ. ಕನ್ನಡಕ್ಕೆ 4 ಒತ್ತಿದೆ, ಹಿಂದಿ ಬಂತು. “ಟಿಕೆಟ್ ರೈಸ್ ಆಗಿದೆ” ಅಂದರು. ಒಟ್ಟು ಆರು ಟಿಕೆಟ್ ಆದವು. ಕೆಎಸ್‌ಆರ್‌ಟಿಸಿಯಲ್ಲಿ ಒಂದು ಟಿಕೆಟ್ ತಗೊಂಡರೆ ಚನ್ನರಾಯಪಟ್ಟಣವಾದರೂ ಬರುತ್ತದೆ. ಇಲ್ಲಿ ಆರು ಟಿಕೆಟ್ ತಗೊಂಡರೂ ಗಾಡಿ ಸ್ಟ್ಯಾಂಡ್ ಬಿಡಲಿಲ್ಲ. ಸೇರುವಾಗ ನನ್ನ ಬೆರಳಿನ ಸಹಿ ಮೊಬೈಲ್ ಗಾಜಿನ ಮೇಲೆ ಸಾಕಾಗಿತ್ತು. ಬಿಡುವುದಕ್ಕೆ ಲೆಟರ್‌ಹೆಡ್, ಸೀಲು, ಕ್ಯಾನ್ಸಲ್ ಮಾಡಿದ ಚೆಕ್ಕು, ಮೆಷಿನ್ ಜೊತೆ ಬಂದ ರಟ್ಟಿನ ಡಬ್ಬ. ಡಬ್ಬದಲ್ಲಿ ಬೆಕ್ಕು ಮರಿ ಹಾಕಿತ್ತು.

ಕೊನೆಗೆ ನಮ್ಮ ಬ್ಯಾಂಕಿಗೆ ಹೋಗಿ ಆ ನಾಚ್ ಒಪ್ಪಿಗೆಯನ್ನೇ ರದ್ದು ಮಾಡಿಸಿದೆ. ಹಾಗೆ ಮಾಡಬಹುದು ಅಂತ ಆ ಹುಡುಗ ಹೇಳಿರಲಿಲ್ಲ, ಹೇಳುವ ಪೈಕಿಯೂ ಅಲ್ಲ. ಮೆಷಿನ್ ಕಂಪನಿಯ ಬೆನ್ನಿಗಿದ್ದ ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟೆ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಅಧಿಕಾರಿ ಓಂಬುಡ್ಸ್‌ಮನ್ ಹತ್ತಿರ ಹೋಗುತ್ತೇನೆ ಅಂತ ಕೊನೆಗೆ ಒಂದು ಸಾಲು ಸೇರಿಸಿದ್ದೆ. ಇಪ್ಪತ್ತೆಂಟನೇ ದಿನ ಒಬ್ಬ ಬಂದು ಮೆಷಿನ್ ಎತ್ತಿಕೊಂಡು ಹೋದ. ಡಬ್ಬ ಕೇಳಲೇ ಇಲ್ಲ.

ಮೊನ್ನೆ ಇನ್ನೊಬ್ಬ ಹುಡುಗ ಬಂದಿದ್ದ. ಬೇರೆ ಟ್ಯಾಗು, ಅದೇ ಬ್ಯಾಗು. “ಸಾರ್, ಜೀರೋ ರೆಂಟಲ್, ಲೈಫ್ ಟೈಮ್.”

ನಮ್ಮಲ್ಲಿ ಪಾತ್ರೆಯ ಮೇಲೆ ಹೆಸರು ಕೊರೆಯುವ ಮೆಷಿನ್ ಇದೆ. ಅದಕ್ಕೆ ಯಾರ ಬಾಡಿಗೆಯೂ ಇಲ್ಲ. ಒಂದು ಸ್ಟೀಲ್ ಮುಚ್ಚಳ ತಗೊಂಡು ಸ್ವಿಚ್ ಹಾಕಿದೆ. “ಹೇಳಪ್ಪಾ, ನಿಧಾನಕ್ಕೆ ಹೇಳು. ಜೀರೋ ರೆಂಟಲ್, ಲೈಫ್ ಟೈಮ್. ಯಾರ ಲೈಫು ಅಂತಲೂ ಹೇಳು. ಕೆಳಗೆ ನಿನ್ನ ಹೆಸರು ಹಾಕ್ತೀನಿ.”

ಅವನು ಒಂದು ಹೆಜ್ಜೆ ಹಿಂದೆ ಸರಿದ. “ಅದೆಲ್ಲಾ ಬೇಡ ಸಾರ್, ವಾಟ್ಸಾಪ್ ಮಾಡ್ತೀನಿ.”

ಪಾಪ, ಒಳ್ಳೆಯ ಹುಡುಗನೇ. ಹೋಗುವ ಮುಂಚೆ ಅವರಮ್ಮನಿಗೆ ಅಂತ ಒಂದು ಟಿಫನ್ ಡಬ್ಬಿ ತಗೊಂಡ. ಹೆಸರು ಹಾಕಿಸ್ಕೋತೀಯಾ ಅಂತ ಕೇಳಿದೆ. ಎಷ್ಟಾಗುತ್ತೆ ಅಂದ. ಫ್ರೀ ಅಂದೆ.

ಡಬ್ಬಿಯನ್ನು ಎದೆಗೆ ಅವುಚಿಕೊಂಡು ನನ್ನ ಮುಖವನ್ನೇ ನೋಡಿದ.

“ನಿಜವಾಗ್ಲೂ ಫ್ರೀನಾ ಸಾರ್? ಆಮೇಲೆ ಏನೂ ಹಾಕಲ್ಲ ತಾನೇ?”